ಶಿರಸಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಐದು

ನನ್ನ ಊರು ಕುಮಟಾ ಹತ್ತಿರದ ಒಂದು ಹಳ್ಳಿ. ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಬರೆಯುವುದು. ಕೆಲವು ವರ್ಷಗಳಿಂದ ಬಿಡುವು ಮಾಡಿಕೊಂಡು ಉತ್ತರ ಕನ್ನಡದ ಕಡೆ ಹೋಗಿ, ಕಾಲೇಜುಗಳಲ್ಲಿ, ಚಿಕ್ಕ ಚಿಕ್ಕ ಗೆಳೆಯರ ಬಳಗಗಳಲ್ಲಿ ಕಂಪ್ಯೂಟರಿನ ಬಗ್ಗೆ ಮಾತಾಡಿ ಬರುತ್ತೇನೆ. ಸಂಬಳಕ್ಕಲ್ಲ. ಕರೆದವರು ಊಟ, ಮಲಗಲು ಜಾಗ ಕೊಡುತ್ತಾರೆ. ಟಿಕೆಟ್ ದುಡ್ಡು ಹೆಚ್ಚಾಗಿ ನನ್ನದೇ.

ಮೊದಲ ಸಲ ಹೋಗಿದ್ದು ಶಿರಸಿಗೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ, ಶನಿವಾರ ಬೆಳಿಗ್ಗೆ ಇಳಿದೆ. ಹನ್ನೊಂದಕ್ಕೆ ಕಾರ್ಯಕ್ರಮ. ಪ್ರಾರ್ಥನೆ, ಸ್ವಾಗತ, ದೀಪ, ಪರಿಚಯ, ಶಾಲು, ಹಾರ. ನನ್ನ ಮಾತು ಶುರುವಾದಾಗ ಹನ್ನೆರಡಾಗಿತ್ತು. ಅರವತ್ತು ಸ್ಲೈಡ್ ತಂದಿದ್ದೆ, ಎಲ್ಲವೂ ಇಂಗ್ಲಿಷ್. ಬೆಂಗಳೂರಿನ ಒಂದು ಸಭೆಗೆ ಮಾಡಿದ್ದನ್ನೇ ಇಲ್ಲಿಗೂ ತಂದಿದ್ದೆ. ಓಪನ್ ಸೋರ್ಸ್ (ಯಾರು ಬೇಕಾದರೂ ಒಳಗೆ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಅಂದರೆ ಏನು, ಹೇಗೆ ಸೇರಬೇಕು, ಯಾವ ಯಾವ ಯೋಜನೆಗಳಿವೆ. ಮಕ್ಕಳು ಸುಮ್ಮನೆ ಕೂತು ಕೇಳಿದರು. ಚಪ್ಪಾಳೆ ಹೊಡೆದರು. ಊಟ ಆಯಿತು, ಫೋಟೋ ಆಯಿತು, ಸಂಜೆಯ ಬಸ್ಸಿಗೆ ವಾಪಸ್ ಹೊರಟೆ.

ಒಂದು ತಿಂಗಳ ಮೇಲೆ ಅಲ್ಲಿನ ಅಧ್ಯಾಪಕರಿಗೆ ಫೋನ್ ಮಾಡಿ, ಯಾರಾದರೂ ಏನಾದರೂ ಶುರು ಮಾಡಿದರಾ ಅಂತ ಕೇಳಿದೆ. ಅವರು ನೇರವಾಗಿ ಹೇಳಿದರು. "ಎಲ್ಲರಿಗೂ ಇಷ್ಟ ಆಯ್ತು ಸರ್. ಆದ್ರೆ ಯಾರೂ ಒಂದು ಸಾಲೂ ಬರೀಲಿಲ್ಲ. ಸಿಕ್ಕಿ ಹಾಕಿಕೊಂಡಾಗ ಕೇಳೋಕೆ ನೀವು ಇರಲಿಲ್ಲವಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಮಾತಿಗೆ ತಯಾರಿ ಮಾಡಿಕೊಂಡಿದ್ದೆ, ಮಾತು ಮುಗಿದ ಮೇಲಿನ ಹೊತ್ತಿಗೆ ಮಾಡಿಕೊಂಡಿರಲಿಲ್ಲ. ಕೆಲಸ ನಡೆಯುವುದು ಆ ಹೊತ್ತಿನಲ್ಲಿ. ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ: ಮಾತಾಡಿದ ಊರಿನಲ್ಲಿ ಮರುದಿನವೂ ಇರಬೇಕು. ಇರಲು ಆಗದಿದ್ದರೆ ಹೋಗಲೇಬಾರದು.

ಈಗ ಕರೆ ಬಂದಾಗ ನಾನು ಕೇಳುವ ಪ್ರಶ್ನೆಗಳೇ ಬೇರೆ. ಎಷ್ಟು ಜನ ಬರುತ್ತಾರೆ ಅಂತ ಕೇಳುವುದಿಲ್ಲ. ಲ್ಯಾಬಿನಲ್ಲಿ ಎಷ್ಟು ಕಂಪ್ಯೂಟರ್ ಓಡುತ್ತವೆ, ಕರೆಂಟ್ ಹೋದರೆ ಎಷ್ಟು ಹೊತ್ತು ತಡೆಯುತ್ತವೆ, ಭಾನುವಾರ ಲ್ಯಾಬಿನ ಬೀಗ ತೆಗೆಯುವವರು ಯಾರು, ಇಷ್ಟು ಕೇಳುತ್ತೇನೆ. ವೇದಿಕೆ ಕಾರ್ಯಕ್ರಮವನ್ನು ಕಾಲು ಗಂಟೆಗೆ ಇಳಿಸಿ ಅಂತಲೂ ಕೇಳಿಕೊಳ್ಳುತ್ತೇನೆ. ದೀಪ ಹಚ್ಚುವುದು, ಹೆಣ್ಣುಮಕ್ಕಳು ಪ್ರಾರ್ಥನೆ ಹಾಡುವುದು ನನಗೆ ಇಷ್ಟ. ಆದರೆ ಸಿದ್ದಾಪುರದ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದ ಹುಡುಗಿಗೆ ಸಂಜೆ ನಾಲ್ಕರ ಬಸ್ಸು ತಪ್ಪಿದರೆ ಮನೆ ಸೇರುವುದು ಕಷ್ಟ. ಅವಳ ಒಂದು ಗಂಟೆ ದೊಡ್ಡದು.

ಎರಡನೇ ಸಲ ಶಿರಸಿಗೆ ಹೋದಾಗ ಸ್ಲೈಡ್ ಒಯ್ಯಲಿಲ್ಲ. ವಿಷಯ ಒಂದೇ ಇಟ್ಟುಕೊಂಡೆ: ಕಂಪ್ಯೂಟರಿನೊಳಗೆ ಕನ್ನಡ ಹೇಗೆ ಇರುತ್ತದೆ. ಮಾತೂ ಕನ್ನಡದಲ್ಲೇ. ಬೋರ್ಡಿನ ಮೇಲೆ 'ಶಿರಸಿ' ಅಂತ ಬರೆದು, ಎಷ್ಟು ಅಕ್ಷರ ಅಂತ ಕೇಳಿದೆ. ಮೂರು ಅಂದರು. ಇದನ್ನು ಕೇಳುವ ಅಗತ್ಯವೇನು ಅನ್ನುವ ಹಾಗೆ ನೋಡಿದರು. ಹಾಗಾದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಉದ್ದ ಅಳೆದು ನೋಡಿ ಅಂದೆ. ಎಲ್ಲರ ಪರದೆಯ ಮೇಲೂ 5 ಬಂತು.

ಲ್ಯಾಬಿನಲ್ಲಿ ಗದ್ದಲ ಎದ್ದಿತು. ಯಾರೋ ತಪ್ಪು ಟೈಪ್ ಮಾಡಿದ್ದೇನೆ ಅಂದುಕೊಂಡು ಮತ್ತೆ ಹೊಡೆದರು. ಮತ್ತೆ 5. ಆಮೇಲೆ ಒಂದೊಂದಾಗಿ ಬಿಡಿಸಿದೆವು. ಶ, ಅದರ ಗುಡಿಸು, ರ, ಸ, ಮತ್ತೆ ಗುಡಿಸು. ಒಟ್ಟು ಐದು. ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಒಂದೊಂದು ಗುರುತಿಗೂ ಒಂದು ಸಂಖ್ಯೆ, ಅಂದರೆ ಒಂದು ಮನೆ, ಕೊಡುವ ಪಟ್ಟಿ. ಅದರಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ. ವ್ಯಂಜನಕ್ಕೆ ಒಂದು ಮನೆ, ಸ್ವರಚಿಹ್ನೆಗೆ ಇನ್ನೊಂದು. ಕಡತದಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್ ಬೇಕು. ಹಾಗಾಗಿ ಶಿರಸಿ ಅನ್ನುವ ಮೂರಕ್ಷರದ ಊರು ಡಿಸ್ಕಿನ ಮೇಲೆ 15 ಬೈಟ್ ಜಾಗ ಹಿಡಿಯುತ್ತದೆ.

ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತ. "ಸರ್, ನಾವು ಶಿರಸಿ ಅಂತ ಹೇಳೋದೇ ಇಲ್ಲ. ಶಿರ್ಸಿ ಅಂತೀವಿ. ಹಾಗೆ ಬರೆದ್ರೆ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ನೀನೇ ನೋಡು ಅಂದೆ. 'ಶಿರ್ಸಿ' ಅಂತ ಬರೆದು ಅಳೆದ. ಕಣ್ಣಿಗೆ ಎರಡೇ ಅಕ್ಷರ, ಉತ್ತರ ಮಾತ್ರ 6. ಬಾಯಲ್ಲಿ ಚಿಕ್ಕದಾಗಿದ್ದು ಕಂಪ್ಯೂಟರಿನಲ್ಲಿ ದೊಡ್ಡದಾಗಿತ್ತು. ಯಾಕೆ ಅಂತ ಅವನೇ ಹುಡುಕಿ ಹೇಳಿದ: ರ ಮತ್ತು ಸ ಕೂಡಬೇಕಾದರೆ ನಡುವೆ ವಿರಾಮ, ಅಂದರೆ ವ್ಯಂಜನದ ಸ್ವರ ತೆಗೆಯುವ ಗುರುತು, ಬೇಕು, ಅದನ್ನೂ ಎಣಿಸುತ್ತದೆ. ಅಲ್ಲಿಂದ ಒಂದು ಗಂಟೆ ನಾನು ಹೆಚ್ಚು ಮಾತಾಡಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಊರು ಅಳೆಯುತ್ತಿದ್ದರು. ಬನವಾಸಿ ಆರು. ಯಲ್ಲಾಪುರ ಎಂಟು. ಸಿದ್ದಾಪುರ ಒಂಬತ್ತು. ಅಲ್ಲೇ ಒಬ್ಬಳು ಕೇಳಿದಳು: ಹೆಸರಿಗೆ ಹತ್ತು ಅಕ್ಷರದ ಜಾಗ ಕೊಟ್ಟ ಫಾರಂನಲ್ಲಿ ತನ್ನ ಹೆಸರು ಅರ್ಧಕ್ಕೆ ತುಂಡಾಗುವುದು ಇದಕ್ಕೇನಾ ಅಂತ. ಹೌದು, ಇದಕ್ಕೇ.

ಮಧ್ಯಾಹ್ನ ಎರಡೂವರೆಗೆ ಕರೆಂಟ್ ಹೋಯಿತು. ಹೆಚ್ಚಿನವರು ಹೊರಟರು, ಆರೇಳು ಜನ ಉಳಿದರು. ನನ್ನ ಲ್ಯಾಪ್‌ಟಾಪಿನ ಸುತ್ತ ಕುರ್ಚಿ ಎಳೆದುಕೊಂಡು ಕೂತೆವು. ಆಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಕೈಯಲ್ಲಿ ಬಟ್ಟೆ ಚೀಲ. ಪಕ್ಕದ ಹಳ್ಳಿಯ ಸಹಕಾರಿ ಸೊಸೈಟಿಯಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದವರು. ಅಣ್ಣನ ಮಗ ಹೇಳಿದ್ದನಂತೆ, ಕನ್ನಡ ಫೈಲು ಗೊತ್ತಿರುವವರು ಬಂದಿದ್ದಾರೆ ಅಂತ. ಚೀಲದಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.

ಅದರೊಳಗೆ ಹನ್ನೆರಡು ವರ್ಷದ ಠರಾವುಗಳಿದ್ದವು. ಸಭೆಯ ನಡಾವಳಿ, ವಾರ್ಷಿಕ ವರದಿ, ಸಾಲದ ಪಟ್ಟಿ, ಎಲ್ಲವನ್ನೂ ಅವರೇ ಟೈಪ್ ಮಾಡಿದ್ದರು. ಹೊಸ ಕಂಪ್ಯೂಟರ್ ಬಂದ ಮೇಲೆ ಹೆಚ್ಚಿನವು ಓದಲು ಬರುತ್ತಿಲ್ಲ, ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದೆ ಅಂದರು. ಒಂದು ದಾರಿಯ ಜಾಗದ ಬಗ್ಗೆ ಎಂದೋ ಮಾಡಿದ ಠರಾವು ಬೇಕಾಗಿತ್ತು. ಯಾವ ವರ್ಷ ಅಂತ ನೆನಪಿಲ್ಲ. ಹುಡುಕಲು ದಾರಿಯೂ ಇಲ್ಲ.

ಇದು ನಮ್ಮ ರಾಜ್ಯದ ಎಷ್ಟೋ ಕಚೇರಿಗಳ ಕಥೆ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿದ್ದರೂ ಕನ್ನಡ ಕಚೇರಿಗಳಲ್ಲಿ ಬಹಳ ಕಾಲ ಹಳೆಯ ಫಾಂಟುಗಳೇ ನಡೆದವು. ಆ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂತಿರುತ್ತವೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಫಾಂಟ್ ಹಾಕಿದರೂ ಹುಡುಕಲು ಆಗುವುದಿಲ್ಲ, ಯಾಕೆಂದರೆ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ನನ್ನ ಲ್ಯಾಪ್‌ಟಾಪಿನಲ್ಲೂ ಒಂದಿತ್ತು. ಒಂದು ಫೈಲು ಹಾಕಿದೆವು. ಕನ್ನಡ ಬಂತು. ಅವರು ಕನ್ನಡಕ ಏರಿಸಿ ಓದತೊಡಗಿದರು. ಎರಡನೇ ಸಾಲಿನಲ್ಲೇ ನಿಂತರು.

"ಇದು ಎಂತ? ಸಾಮರ್ಥ್ಯ ಅಂತ ಬರೆದಿದ್ದೆ ನಾನು."

ಪರದೆಯ ಮೇಲೆ 'ಸಾಮಥ್ರ್ಯ' ಅಂತ ಇತ್ತು.

ಅರ್ಕಾವತ್ತಿನ ಕಾಟ. ನಮ್ಮ ಬರವಣಿಗೆಯಲ್ಲಿ ರ್ ಅನ್ನುವ ಸದ್ದು ಮೊದಲು ಬಂದರೂ ಗುರುತು ಆಮೇಲೆ ಬರುತ್ತದೆ. ಗೋಕರ್ಣ ಬರೆದು ನೋಡಿ. ಣ ಬರೆದ ಮೇಲೆ ತಾನೇ ಅದರ ಪಕ್ಕ ಅರ್ಕಾವತ್ತು ಇಡುವುದು? ಹಳೆಯ ಫಾಂಟ್ ಕಣ್ಣಿಗೆ ಕಂಡ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ: ಗೋ, ಕ, ಣ, ಅರ್ಕಾವತ್ತು. ಯೂನಿಕೋಡ್ ಬಾಯಲ್ಲಿ ಬಂದ ಕ್ರಮದಲ್ಲಿ ಇಡುತ್ತದೆ: ಗೋ, ಕ, ರ, ವಿರಾಮ, ಣ. ಹಾಗಾಗಿ ಪರಿವರ್ತಕ ಅರ್ಕಾವತ್ತನ್ನು ಎತ್ತಿ ಒಂದು ಇಡೀ ಅಕ್ಷರದ ಹಿಂದಕ್ಕೆ ಇಡಬೇಕು. ಗೋಕರ್ಣಕ್ಕೆ ಸುಲಭ. ಸಾಮರ್ಥ್ಯದಲ್ಲಿ ದಾಟಬೇಕಾದದ್ದು ಥ್ಯ ಅನ್ನುವ ಒತ್ತಕ್ಷರ. ಪೂರ್ತಿ ದಾಟದೆ ನಡುವೆ ನಿಂತರೆ ಸಾಮಥ್ರ್ಯ ಆಗುತ್ತದೆ.

ಇನ್ನೊಂದು ತೊಡಕು ಅವರ ನಂತರದ ಫೈಲುಗಳಲ್ಲಿತ್ತು. ಕೊನೆಯ ಎರಡು ವರ್ಷ ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದರು. ಆದರೆ ಅರ್ಕಾವತ್ತು ಹೇಗೆ ತರಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡದ ಒಂಬತ್ತು ನೋಡಲು ಹಾಗೇ ಇದೆಯಲ್ಲ, ಅದನ್ನೇ ಹಾಕಿದ್ದರು. ಹಾಗಾಗಿ ಮಾರ್ಚ್ ಎಲ್ಲ ಕಡೆ 'ಮಾಚ್೯'. ಕಾರ್ಯದರ್ಶಿ 'ಕಾಯ೯ದಶಿ೯'. ಕಾಗದದ ಮೇಲೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಕಂಪ್ಯೂಟರಿಗೆ ಅದು ಅಂಕಿ. ಸೊಸೈಟಿಯ ಭಾಷೆಯೇ ಅರ್ಕಾವತ್ತಿನ ಮೇಲೆ ನಿಂತಿದೆ, ನೋಡಿ: ನಿರ್ದೇಶಕ, ವಾರ್ಷಿಕ, ಖರ್ಚು, ಅರ್ಜಿ, ವರ್ಷ, ದೀರ್ಘಾವಧಿ ಸಾಲ. ಎಲ್ಲದರಲ್ಲೂ ಒಂದೊಂದು ಒಂಬತ್ತು.

ಉಳಿದಿದ್ದ ಹುಡುಗರು ಅಲ್ಲೇ ಒಂದು ನಿಯಮ ಬರೆದರು. ಅಕ್ಷರಕ್ಕೆ ಅಂಟಿಕೊಂಡು ೯ ಬಂದರೆ ಅದನ್ನು ತೆಗೆದು, ಹಿಂದಿನ ಅಕ್ಷರದ ಮೊದಲು ರ ಮತ್ತು ವಿರಾಮ ಇಡು. ಓಡಿಸಿದರು. ಮಾರ್ಚ್ ಸರಿ ಹೋಯಿತು, ಕಾರ್ಯದರ್ಶಿ ಸರಿ ಹೋಯಿತು. ಎಲ್ಲರಿಗೂ ಖುಷಿ. ಆದರೆ ಗುಮಾಸ್ತರು ಮಾತ್ರ ಒಂದು ಸಾಲಿನ ಮೇಲೆ ಬೆರಳಿಟ್ಟು ತಲೆಯಾಡಿಸಿದರು. 'ಸರ್ವೆ ನಂ೯೨' ಅಂತ ಜಾಗ ಬಿಡದೆ ಟೈಪ್ ಮಾಡಿದ್ದ ಕಡೆ ನಮ್ಮ ನಿಯಮ ಒಂಬತ್ತನ್ನು ನುಂಗಿತ್ತು. 92 ಇದ್ದದ್ದು ಬರೀ 2 ಆಗಿತ್ತು.

"ತಮ್ಮಾ, ಇದು ಜಮೀನಿನ ನಂಬರು. ಇಲ್ಲಿ ತಪ್ಪಾದ್ರೆ ಊರಲ್ಲಿ ಜಗಳ ಆಗ್ತದೆ."

ಒಬ್ಬ ಹುಡುಗ ಏನೂ ಹೇಳದೆ ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿದ: ಅನುಸ್ವಾರದ ಸೊನ್ನೆಯ ಮುಂದೆ ಬಂದ ಒಂಬತ್ತನ್ನು ಮುಟ್ಟಬೇಡ, ಪಕ್ಕದಲ್ಲಿ ಇನ್ನೊಂದು ಅಂಕಿ ಇದ್ದರೂ ಮುಟ್ಟಬೇಡ. ಒಂದು ಪ್ರೋಗ್ರಾಂ ಬರೆಯುವುದು ಅಂದರೆ ಏನು ಅನ್ನುವುದನ್ನು ಆ ಹುಡುಗನಿಗೆ ನಾನು ಅರವತ್ತು ಸ್ಲೈಡಿನಲ್ಲಿ ಕಲಿಸಲಾಗಿರಲಿಲ್ಲ. ಅವರು ಒಂದು ಬೆರಳಿನಲ್ಲಿ ಕಲಿಸಿದರು.

ಮರುದಿನ ಭಾನುವಾರ ಅವರ ಮನೆಗೆ ಹೋದೆವು. ಜಗಲಿಯಲ್ಲಿ ಕೂರಿಸಿ, "ಆಸರಿಗೆ ಎಂತ ಬೇಕು?" ಅಂತ ಕೇಳಿದರು. ಮಜ್ಜಿಗೆ ಬಂತು, ಆಮೇಲೆ ತೆಳ್ಳೇವು ಅನ್ನುವ ತೆಳು ದೋಸೆ. ಅಂಗಳದಲ್ಲಿ ಅಡಕೆ ಒಣಗುತ್ತಿತ್ತು. ಸಂಜೆಯವರೆಗೆ ಫೈಲುಗಳ ಮುಂದೆ ಕೂತಿದ್ದೆವು. ದಾರಿಯ ಠರಾವು ಸಿಕ್ಕಿದ್ದು ನಾಲ್ಕು ಗಂಟೆಗೆ. ಅವರು ಅದನ್ನು ಎರಡು ಸಲ ಜೋರಾಗಿ ಓದಿದರು.

ಅಲ್ಲಿ ಕೂತಾಗಲೇ ಇನ್ನೊಂದು ವಿಷಯ ತಿಳಿಯಿತು. ಸೊಸೈಟಿಯಿಂದ ಸದಸ್ಯರಿಗೆ ಅಡಕೆ ದರದ ಎಸ್‌ಎಂಎಸ್ ಹೋಗುತ್ತದೆ. ಅದು ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ. ಯಾಕೆ ಅಂದೆ. ಕನ್ನಡದಲ್ಲಿ ಕಳಿಸಿದರೆ ಬಿಲ್ಲು ಎರಡು ಮೂರು ಪಟ್ಟು ಬರುತ್ತದೆ ಅಂದರು. ಕಾರಣ ನನಗೆ ಗೊತ್ತಿತ್ತು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ಸೇರಿದ ತಕ್ಷಣ 70ಕ್ಕೆ ಇಳಿಯುತ್ತದೆ. ಆ 70ರಲ್ಲೂ ಪ್ರತಿ ಕೊಂಬು, ಗುಡಿಸು, ವಿರಾಮ ಲೆಕ್ಕಕ್ಕೆ ಬರುತ್ತದೆ. ಚಾಲಿ, ರಾಶಿ, ಬೆಟ್ಟೆ, ಕೆಂಪಗೋಟು, ಅಡಕೆಯ ಇಷ್ಟು ಬಗೆಗಳನ್ನೂ ದರದ ಜೊತೆ ಬರೆದರೆ ಒಂದು ಸಂದೇಶದಲ್ಲಿ ಮುಗಿಯುವುದೇ ಇಲ್ಲ. ಈ ಲೆಕ್ಕ ಗೊತ್ತಿದ್ದೂ, ಅದು ಒಬ್ಬ ರೈತನ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಅಂತ ನಾನು ಯೋಚಿಸಿರಲಿಲ್ಲ. ಅಷ್ಟು ವರ್ಷ ಕನ್ನಡದಲ್ಲಿ ವ್ಯವಹಾರ ಮಾಡಿದ ಮನುಷ್ಯ, ತನ್ನದೇ ಬೆಳೆಯ ದರವನ್ನು ಬೇರೆ ಲಿಪಿಯಲ್ಲಿ ಓದುತ್ತಾನೆ.

ಇಂಥ ಪ್ರಯಾಣಕ್ಕೆ ಯಾವ ತಿಂಗಳು ಒಳ್ಳೆಯದು ಅಂತ ಗೆಳೆಯರು ಕೇಳುತ್ತಾರೆ. ಉತ್ತರ ಸುಲಭ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಶಿರಸಿ ಕಡೆ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ನವೆಂಬರ್ ದಾಟಿದರೆ ಅಡಕೆ ಕೊಯ್ಲು, ಮನೆ ಮನೆಯಲ್ಲೂ ಸುಲಿಯುವ ಕೆಲಸ. ಮಕ್ಕಳು ರಾತ್ರಿ ಹನ್ನೊಂದರವರೆಗೆ ಸುಲಿದು ಬೆಳಿಗ್ಗೆ ಲ್ಯಾಬಿಗೆ ಬರುತ್ತಾರೆ. ಮಾರ್ಚ್‌ನಲ್ಲಿ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಇರುವಾಗ ಶಿರಸಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗಂತೂ ಡಿಸೆಂಬರ್ ಕೊನೆ, ಜನವರಿ ಮೊದಲ ವಾರ ಹೊಂದಿದೆ. ಆಗ ಸುಲಿಯುವವರ ಜೊತೆ ಕೂತು ಮಾತಾಡಲೂ ಆಗುತ್ತದೆ.

ಘಟ್ಟದ ದಾರಿಯನ್ನೂ ನೋಡಿಕೊಳ್ಳಬೇಕು. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರ್. ರಸ್ತೆ ಅಗಲ ಮಾಡುವ ಕೆಲಸಕ್ಕೆ ಅದನ್ನು ಮುಚ್ಚಿದ್ದ ದಿನಗಳಲ್ಲಿ ಯಲ್ಲಾಪುರಕ್ಕೆ ಹೋಗಿ, ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಬಂದಿದ್ದೇನೆ. ಅವತ್ತು ಅಮ್ಮನ ಮನೆ ಸೇರುವಾಗ ಕತ್ತಲಾಗಿತ್ತು.

2024ರ ಜುಲೈ ಕೊನೆಗೆ ಕಾರವಾರದಲ್ಲಿ ಒಂದು ಕಾರ್ಯಾಗಾರ ಇಟ್ಟುಕೊಂಡಿದ್ದೆವು. ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಜೀವಗಳು ಹೋದವು. ಗಂಗಾವಳಿ ನದಿಯಲ್ಲಿ ಹುಡುಕಾಟ ವಾರಗಟ್ಟಲೆ ನಡೆಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿದು ಬಿತ್ತು. ಕಾರ್ಯಾಗಾರದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಎತ್ತುವ ಮನಸ್ಸೂ ಇರಲಿಲ್ಲ. ಅದನ್ನು ನಡೆಸಿದ್ದು ಡಿಸೆಂಬರ್‌ನಲ್ಲಿ.

ಕಾರವಾರಕ್ಕೆ ನಾನು ರೈಲಿನಲ್ಲೇ ಹೋಗುವುದು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಿಗ್ಗೆ ತಲುಪಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಸುರಂಗಗಳು ನಿದ್ದೆಯಲ್ಲೇ ಕಳೆದುಹೋಗುತ್ತವೆ. ಆದರೆ ಹೊನ್ನಾವರದ ಹೊತ್ತಿಗೆ ಎದ್ದಿರುತ್ತೇನೆ. ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಬೆಳಕು ಹರಿಯುವ ಹೊತ್ತಿನಲ್ಲಿ, ರೈಲು ನಿಧಾನಕ್ಕೆ ಅದರ ಮೇಲೆ ಹೋಗುವಾಗ ಬಾಗಿಲ ಹತ್ತಿರ ನಿಂತರೆ ಕೆಳಗೆ ದೋಣಿ ಕಾಣುತ್ತದೆ. ಎಷ್ಟು ಸಲ ನೋಡಿದರೂ ಬೇಸರ ಬಂದಿಲ್ಲ. ಆಮೇಲೆ ಕುಮಟಾ, ಗೋಕರ್ಣ ರೋಡ್, ಅಂಕೋಲಾ. ಕಾರವಾರದ ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ಅಲ್ಲಿಂದ ಆಟೋ.

ಕಾರವಾರದಲ್ಲಿಯೂ ಊರ ಹೆಸರು ಅಳೆಯುವುದರಿಂದಲೇ ಶುರು ಮಾಡಿದೆ. ಕಾರವಾರ ನಾಲ್ಕಕ್ಷರ, ಉದ್ದ 6. ಅಂಕೋಲಾದಿಂದ ಬಂದ ಹುಡುಗಿಗೆ ತನ್ನ ಊರು 6 ಬಂತು. ಪಕ್ಕದವಳು ಹಳೆಯ ಫೈಲೊಂದರಿಂದ ನಕಲು ಮಾಡಿದ ಅಂಕೋಲಾ 8 ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಒಂದರಲ್ಲಿ ಓಕಾರದ ಚಿಹ್ನೆ ಇಡಿಯಾಗಿ ಇತ್ತು. ಇನ್ನೊಂದರಲ್ಲಿ ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿತ್ತು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಅದಕ್ಕೆ ಪೈಥಾನ್‌ನಲ್ಲಿ ಒಂದೇ ಸಾಲು ಸಾಕು. ಆ ಸಾಲನ್ನು ತೋರಿಸಿ ಮುಂದೆ ಹೋದೆ.

ಆದರೆ ಕಾರವಾರದ ಆ ದಿನ ನನಗೆ ನೆನಪಿರುವುದು ಒಬ್ಬ ಹುಡುಗನಿಂದ. ಊಟದ ಹೊತ್ತಿನಲ್ಲಿ ಹತ್ತಿರ ಬಂದ. ಮನೆಯಲ್ಲಿ ಕೊಂಕಣಿ. ಅವನು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾನೆ, ಕಲಿತದ್ದು ಅದೇ ಲಿಪಿ. ಅವನ ಅಜ್ಜಿ ಓದಿದ್ದು ಮರಾಠಿ ಶಾಲೆಯಲ್ಲಿ. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆ ಕಾಲದ ಎಷ್ಟೋ ಜನ ಹಾಗೆ. ಅಜ್ಜಿಗೆ ಬರುವುದು ದೇವನಾಗರಿ ಮಾತ್ರ. ಇಬ್ಬರೂ ದಿನವಿಡೀ ಒಂದೇ ಭಾಷೆಯಲ್ಲಿ ಮಾತಾಡುತ್ತಾರೆ. ಅವನು ಬರೆದದ್ದನ್ನು ಅಜ್ಜಿ ಓದಲಾರಳು. "ಕಂಪ್ಯೂಟರಿನಲ್ಲಿ ಇದಕ್ಕೆ ಏನಾದ್ರೂ ದಾರಿ ಇದ್ಯಾ?" ಅಂದ.

ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದ ಪಾಠ ಬಿಟ್ಟೆ. ಇದನ್ನೇ ಮಾಡೋಣ ಅಂದೆ.

ಯೂನಿಕೋಡ್ ಮನೆ ಕೊಡುವುದು ಲಿಪಿಗೆ, ಭಾಷೆಗಲ್ಲ. ಹಾಗಾಗಿ ಕನ್ನಡ ಲಿಪಿಯ ಕೊಂಕಣಿಗೆ ಕನ್ನಡದ ಮನೆಗಳೇ ಸಾಕು. ಇನ್ನೊಂದು ಅನುಕೂಲ ಇದೆ. ಭಾರತದ ಲಿಪಿಗಳನ್ನು ಯೂನಿಕೋಡ್‌ಗೆ ಸೇರಿಸುವಾಗ ಅದಕ್ಕೂ ಮುಂಚಿನ ಇಸ್ಕಿ ಅನ್ನುವ ಭಾರತೀಯ ಮಾನಕದ ಜೋಡಣೆಯನ್ನೇ ಅನುಸರಿಸಿದರು. ದೇವನಾಗರಿಯ ಸಾಲಿನಲ್ಲಿ ಕ ಎಷ್ಟನೇ ಮನೆಯಲ್ಲಿದೆಯೋ ಕನ್ನಡದ ಸಾಲಿನಲ್ಲೂ ಅಷ್ಟನೇ ಮನೆಯಲ್ಲಿದೆ. ಕನ್ನಡದ ಕ ಇರುವ ಮನೆಯ ಸಂಖ್ಯೆ 3221, ದೇವನಾಗರಿಯ ಕ 2325. ಅಂತರ 896. ಖ, ಗ, ಮ, ಳ, ಕಾಗುಣಿತದ ಚಿಹ್ನೆಗಳು, ವಿರಾಮ, ಎಲ್ಲಕ್ಕೂ ಅದೇ ಅಂತರ. ಅಂದರೆ 896 ಕಳೆದರೆ ಲಿಪಿ ಬದಲಾಗುತ್ತದೆ.

ಹುಡುಗ ನಂಬಲಿಲ್ಲ. ನೀರಿಗೆ ಕೊಂಕಣಿಯಲ್ಲಿ ಹೇಳುವ 'ಉದಕ' ಬರೆದು ಕಳೆದು ನೋಡಿದ. ದೇವನಾಗರಿಯಲ್ಲಿ ಬಂತು. ಆಮೇಲೆ ಒಂದು ಪೂರ್ತಿ ವಾಕ್ಯ ಕೊಟ್ಟ. ಪ್ರೋಗ್ರಾಂ ಅಲ್ಲೇ ನಿಂತಿತು. ಪದಗಳ ನಡುವಿನ ಖಾಲಿ ಜಾಗಕ್ಕೂ ಒಂದು ಸಂಖ್ಯೆ ಇದೆ, ಅದು 32. ಅದರಿಂದ 896 ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಕಾರಣ ಹುಡುಕಲು ಅವನಿಗೆ ಇಪ್ಪತ್ತು ನಿಮಿಷ ಬೇಕಾಯಿತು. ನಾನು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಕನ್ನಡದ 128 ಮನೆಗಳೊಳಗೆ ಇದ್ದರೆ ಮಾತ್ರ ಕಳೆ, ಇಲ್ಲದಿದ್ದರೆ ಹಾಗೇ ಬಿಡು ಅಂತ ಅವನೇ ಸೇರಿಸಿದ.

ಆಮೇಲೆ ಹ್ರಸ್ವ ಎ ಮತ್ತು ಒ ಬಂದ ಕಡೆ ಎಡವಿತು. ಕೊಂಕಣಿ, ಮರಾಠಿಯವರು ದೇವನಾಗರಿಯಲ್ಲಿ ಆ ಹ್ರಸ್ವ ಗುರುತುಗಳನ್ನು ಬಳಸುವುದಿಲ್ಲ. ಪರದೆಯ ಮೇಲೆ ಅಜ್ಜಿ ಎಂದೂ ಕಂಡಿರದ ಅಕ್ಷರ ಬರುತ್ತಿತ್ತು. ಅದರ ಪಕ್ಕದ ಮನೆಯಲ್ಲೇ ದೀರ್ಘ ಏ, ಓ ಇವೆ. ಆ ನಾಲ್ಕು ಕಡೆ ಒಂದು ಕೂಡಿಸಿದರೆ ಆಯಿತು. ಸಂಜೆ ಐದರ ಹೊತ್ತಿಗೆ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ತಯಾರಾಯಿತು. ಹುಡುಗ ಮನೆಗೆ ಓಡಿದ.

ಮರುದಿನ ಬೆಳಿಗ್ಗೆ ನಾವು ಕೆಲವರು ಟಾಗೋರ್ ಕಡಲತೀರದಲ್ಲಿ ಸೇರಿದ್ದೆವು. ಅವನೂ ಬಂದ. ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದನಂತೆ. ಅಜ್ಜಿ ಮೊದಲು ಓದಲಿಲ್ಲವಂತೆ, ಇವನು ಬರೆದದ್ದು ಅಂತ ನಂಬಲಿಲ್ಲವಂತೆ. ಆಮೇಲೆ ಓದಿ, ಎರಡು ಪದ ತಪ್ಪಿವೆ ಅಂದಳಂತೆ. ಅದು ಲಿಪಿಯ ತಪ್ಪಲ್ಲ, ಅವನ ಕೊಂಕಣಿಯ ತಪ್ಪು. ಆ ಎರಡು ಪದಗಳನ್ನು ಅವನು ನನಗೆ ತುಂಬ ಗಂಭೀರವಾಗಿ ವಿವರಿಸಿದ.

ಶನಿವಾರವೇ ಹೊರಟಿದ್ದರೆ ಇದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಈಗ ಚೀಲದಲ್ಲಿ ಯಾವಾಗಲೂ ಕೆಲವು ವಸ್ತು ಇರುತ್ತವೆ. ಬೇಕಾದ ಎಲ್ಲ ಸಾಫ್ಟ್‌ವೇರ್ ತುಂಬಿದ ನಾಲ್ಕೈದು ಪೆನ್‌ಡ್ರೈವ್, ಯಾಕೆಂದರೆ ಮೂವತ್ತು ಜನ ಒಂದೇ ಸಲ ಡೌನ್‌ಲೋಡ್ ಮಾಡಿದರೆ ಯಾವ ಸಂಪರ್ಕವೂ ತಡೆಯುವುದಿಲ್ಲ. ನೆಟ್ ಇಲ್ಲದೆ ಓದಲು ಕೀವಿಕ್ಸ್‌ನಲ್ಲಿ ಇಳಿಸಿದ ಕನ್ನಡ ವಿಕಿಪೀಡಿಯ. ಉದ್ದದ ವೈರಿನ ಒಂದು ಸ್ವಿಚ್ ಬೋರ್ಡು. ಸೀಮೆಸುಣ್ಣ.

ಕಳೆದ ಜನವರಿಯಲ್ಲಿ ಮತ್ತೆ ಶಿರಸಿಗೆ ಹೋಗಿದ್ದೆ. ಹೊರಡುವ ಸಂಜೆ ಹಳೆ ಬಸ್ ನಿಲ್ದಾಣದ ಹತ್ತಿರ ಆ ಗುಮಾಸ್ತರು ಕಾಯುತ್ತಿದ್ದರು. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ವರ್ಷವಿಡೀ ಅವರ ಎಲ್ಲ ಫೈಲುಗಳನ್ನು ಬದಲಿಸುತ್ತಾ ಹೋಗಿ, ಪರಿವರ್ತಕ ಎಲ್ಲೆಲ್ಲಿ ತಪ್ಪಿದೆಯೋ ಅದನ್ನೆಲ್ಲ ಗೆರೆ ಎಳೆದು ಬರೆದಿದ್ದರು. ಎಡಕ್ಕೆ ತಪ್ಪು ರೂಪ, ಬಲಕ್ಕೆ ಸರಿಯಾದದ್ದು, ಕೊನೆಗೆ ಯಾವ ಫೈಲಿನ ಎಷ್ಟನೇ ಪುಟ ಅಂತ. ನೀಲಿ ಶಾಯಿಯ ದುಂಡು ಅಕ್ಷರ. ಅರ್ಕಾವತ್ತನ್ನು ಒಂದೊಂದು ಕಡೆಯೂ ಬಿಡಿಸಿ, ದೊಡ್ಡದಾಗಿ ಬರೆದಿದ್ದರು.

ಬಸ್ಸಿನಲ್ಲಿ ದೀಪ ಆರುವವರೆಗೆ ಓದಿದೆ. 211 ಪದಗಳಿದ್ದವು. ಆ ಹುಡುಗರೂ ನಾನೂ ಸೇರಿ ಇಲ್ಲಿಯವರೆಗೆ 170 ಸರಿ ಮಾಡಿದ್ದೇವೆ. ಉಳಿದವುಗಳಲ್ಲಿ ಹೆಚ್ಚಿನವು ಊರಿನ ಹೆಸರು, ಮನೆತನದ ಹೆಸರು. ಅವನ್ನು ಅವರ ಪಕ್ಕ ಕೂತೇ ಮಾಡಬೇಕು. ಡಿಸೆಂಬರ್ ಕೊನೆಯ ವಾರಕ್ಕೆ ಟಿಕೆಟ್ ಮಾಡಿಸಿದ್ದೇನೆ.